ಬೊಮ್ಮಣ್ಣನ ಬುತ್ತಿ ಎಲ್ಲಿ ಹೋಯಿತು?

ಕಿವಿ ಕೊಡಿ ಮಕ್ಕಳೇ. ಒಂದು ಸಾಲದು, ಎರಡೂ ಕೊಡಿ.

ಒಂದು ಬೆಟ್ಟ. ಬೆಟ್ಟದ ಮೇಲೆ ಒಂದು ಕೋಟೆ. ಕೋಟೆಯೊಳಗೆ ಮುನ್ನೂರು ಸಿಪಾಯಿಗಳು. ಮುನ್ನೂರು ಸಿಪಾಯಿಗಳಿಗೆ ಮುನ್ನೂರು ಬುತ್ತಿ. ಬುತ್ತಿಯೊಳಗೆ ಏನು? ಹುರಿಹಿಟ್ಟು! ರಾಗಿ ಹುರಿದು ಬೀಸಿದ ಹಿಟ್ಟು. ಜೊತೆಗೊಂದು ಚೂರು ಬೆಲ್ಲ. ನೀರು ಹಾಕಿ ಕಲಸಿದರೆ ಊಟ ಆಯಿತು.

ಆ ಸೈನ್ಯದಲ್ಲಿ ಒಂದು ಕಟ್ಟಳೆ ಇತ್ತು. ಮೊದಲು ಎಲ್ಲರ ಕೈಯಲ್ಲೂ ಬುತ್ತಿ ಇರಬೇಕು. ಆಮೇಲೆ ನಗಾರಿ ಬಾರಿಸಬೇಕು, ಢಂ ಢಂ! ಆಮೇಲೇ ಗಂಟು ಬಿಚ್ಚಬೇಕು. ಅದಕ್ಕೆ ಮೊದಲು ಯಾರೂ ಬಿಚ್ಚುವ ಹಾಗಿಲ್ಲ. ದಳವಾಯಿಯೂ ಬಿಚ್ಚುವ ಹಾಗಿಲ್ಲ. ದಳವಾಯಿ ಅಂದರೆ ಆ ಮುನ್ನೂರರಲ್ಲಿ ಎಲ್ಲರಿಗಿಂತ ದೊಡ್ಡವನು. ಅವನೂ!

ಒಂದು ಮಧ್ಯಾಹ್ನ ಸಿಪಾಯಿ ಬೊಮ್ಮಣ್ಣ ಮುಖ ತೊಳೆಯಲು ಹೋದ. ಬುತ್ತಿಯನ್ನು ಬಂಡೆ ಮೇಲಿಟ್ಟ. ಮುಖ ತೊಳೆದ. ತಿರುಗಿ ನೋಡಿದ.

ಬುತ್ತಿ ಇಲ್ಲ!

"ಅಯ್ಯಯ್ಯಪ್ಪಾ!"

ಬಂಡೆ ಮೇಲಿಲ್ಲ. ಬಂಡೆ ಪಕ್ಕದಲ್ಲಿಲ್ಲ. ಬೊಮ್ಮಣ್ಣ ನಗಾರಿ ನಂಜಣ್ಣನ ಹತ್ತಿರ ಓಡಿದ.

"ಅಣ್ಣಾ, ಎಲ್ಲರಿಗೂ ಹಸಿವು. ನಗಾರಿ ಬಾರಿಸಣ್ಣ."

"ಬಾರಿಸಲ್ಲ. ಇನ್ನೂರ ತೊಂಬತ್ತೊಂಬತ್ತು ಬುತ್ತಿ ಇವೆ. ನಿಂದೆಲ್ಲೋ?"

"ಕಳೆದುಹೋಯ್ತು."

"ಅಯ್ಯಯ್ಯಪ್ಪಾ!" ನಂಜಣ್ಣನ ಕೈಯಿಂದ ನಗಾರಿ ಕೋಲು ಬಿತ್ತು. ಇನ್ನೂರ ತೊಂಬತ್ತೊಂಬತ್ತು ಸಿಪಾಯಿಗಳೂ ತಿರುಗಿ ನೋಡಿದರು. ಇನ್ನೂರ ತೊಂಬತ್ತೊಂಬತ್ತು ಹೊಟ್ಟೆಗಳೂ ಗುರ್ ಅಂದವು. ಪಾಪ, ಬೊಮ್ಮಣ್ಣನಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಬಂಡೆಯ ಹತ್ತಿರ ಮತ್ತೆ ಓಡಿದ. ಬಗ್ಗಿ ನೋಡಿದ. ಬಂಡೆ ಕೆಳಗೆ ಒಂದು ಬಿಲ. ಬಿಲದ ಬಾಯಲ್ಲಿ ಒಂದು ಇಲಿ. ಇಲಿಯ ಹಿಂದೆ ಬುತ್ತಿ!

"ಇಲಿಯಮ್ಮಾ, ನನ್ನ ಬುತ್ತಿ ಕೊಡು."

"ಕೊಡಲ್ಲ. ನನ್ನ ಮಕ್ಕಳಿಗೆ ಹಲ್ಲು ಬರ್ತಿದೆ. ಕಡಿಯೋಕೆ ಏನಾದರೂ ಬೇಕು. ಕೊಬ್ಬರಿ ತಾ, ಬುತ್ತಿ ಕೊಡ್ತೀನಿ."

ಬೊಮ್ಮಣ್ಣ ಓಡಿದ. ಅಡುಗೆಯ ಚೌಡವ್ವನ ಹತ್ತಿರ ಓಡಿದ.

"ಅವ್ವಾ, ಕೊಬ್ಬರಿ ಕೊಡು. ಕೊಬ್ಬರಿ ಬಂದರೆ ಬುತ್ತಿ. ಬುತ್ತಿ ಬಂದರೆ ಢಂ ಢಂ. ಢಂ ಢಂ ಅಂದರೆ ಊಟ!"

"ಅಯ್ಯಯ್ಯಪ್ಪಾ! ಇನ್ನೂ ಯಾರೂ ಉಂಡಿಲ್ವಾ?" ಚೌಡವ್ವನ ಸೌಟು ಬಿತ್ತು. "ಆದರೂ ಸುಮ್ಮನೆ ಕೊಡಲ್ಲ ಮಗಾ. ನಾಳೆಯ ರಾಗಿ ಹುರೀಬೇಕು. ಒಂದು ಕಡ್ಡಿ ಸೌದೆ ಇಲ್ಲ. ಸೌದೆ ತಾ, ಕೊಬ್ಬರಿ ಕೊಡ್ತೀನಿ."

ಬೊಮ್ಮಣ್ಣ ಓಡಿದ. ಹೇಸರಗತ್ತೆಯ ಹತ್ತಿರ ಓಡಿದ. ಹೇಸರಗತ್ತೆ ಗೊತ್ತಲ್ಲ? ಪೂರ್ತಿ ಕುದುರೆಯೂ ಅಲ್ಲ, ಪೂರ್ತಿ ಕತ್ತೆಯೂ ಅಲ್ಲ. ಹಟ ಮಾತ್ರ ಪೂರ್ತಿ.

"ಹೇಸರಗತ್ತೇ, ಸೌದೆ ಹೊತ್ತು ತಾ. ಸೌದೆ ಬಂದರೆ ಕೊಬ್ಬರಿ. ಕೊಬ್ಬರಿ ಬಂದರೆ ಬುತ್ತಿ. ಬುತ್ತಿ ಬಂದರೆ ಢಂ ಢಂ. ಢಂ ಢಂ ಅಂದರೆ ಊಟ!"

"ಅಯ್ಯಯ್ಯಪ್ಪಾ!" ಹೇಸರಗತ್ತೆಯ ಕಿವಿ ಎರಡೂ ನೆಟ್ಟಗಾದವು. "ಮುನ್ನೂರು ಜನ ಉಪವಾಸವಾ? ನಾನೂ ಉಪವಾಸ! ಹುರುಳಿ ತಾ, ಸೌದೆ ಹೊರ್ತೀನಿ."

ಬೊಮ್ಮಣ್ಣ ಓಡಿದ. ಉಗ್ರಾಣದ ಈರಯ್ಯನ ಹತ್ತಿರ ಓಡಿದ. ಕಾಳು ಕಡ್ಡಿ ಕಾಯುವವನು ಈರಯ್ಯ.

"ಈರಯ್ಯಣ್ಣಾ, ಹುರುಳಿ ಕೊಡು. ಹುರುಳಿ ಬಂದರೆ ಸೌದೆ. ಸೌದೆ ಬಂದರೆ ಕೊಬ್ಬರಿ. ಕೊಬ್ಬರಿ ಬಂದರೆ ಬುತ್ತಿ. ಬುತ್ತಿ ಬಂದರೆ ಢಂ ಢಂ. ಢಂ ಢಂ ಅಂದರೆ ಊಟ!"

"ಅಯ್ಯಯ್ಯಪ್ಪಾ!" ಈರಯ್ಯ ತಲೆ ಮೇಲೆ ಕೈ ಇಟ್ಟುಕೊಂಡ. "ಆದರೆ ಮುದ್ರೆ ಇಲ್ಲದೆ ಒಂದು ಕಾಳೂ ಕೊಡೋ ಹಾಗಿಲ್ಲಪ್ಪ. ತಗೋ ಈ ಹಸಿಮಣ್ಣಿನ ಬಿಲ್ಲೆ. ದಳವಾಯಿಗಳ ಆನೆ ಮುದ್ರೆ ಒತ್ತಿಸಿಕೊಂಡು ಬಾ."

ಬೊಮ್ಮಣ್ಣ ಓಡಿದ. ಏದುಸಿರು ಬಿಡುತ್ತಾ ದಳವಾಯಿಯ ಹತ್ತಿರ ಓಡಿದ.

"ಬುದ್ಧೀ, ಮುದ್ರೆ ಒತ್ತಿ. ಮುದ್ರೆ ಬಂದರೆ ಹುರುಳಿ. ಹುರುಳಿ ಬಂದರೆ ಸೌದೆ. ಸೌದೆ ಬಂದರೆ ಕೊಬ್ಬರಿ. ಕೊಬ್ಬರಿ ಬಂದರೆ ಬುತ್ತಿ. ಬುತ್ತಿ ಬಂದರೆ ಢಂ ಢಂ. ಢಂ ಢಂ ಅಂದರೆ ಊಟ!"

ದಳವಾಯಿಯ ಮೀಸೆ ನಡುಗಿತು.

"ಅಯ್ಯಯ್ಯಪ್ಪಾ! ಬೊಮ್ಮಣ್ಣಾ, ಕೆಟ್ಟೆವಲ್ಲೋ! ಮುದ್ರೆಯುಂಗುರ ಕಳೆದುಹೋಗಬಾರದು ಅಂತ ಬೆಳಿಗ್ಗೆ ಬುತ್ತಿಯೊಳಗೆ ಹಾಕಿ ಗಂಟು ಕಟ್ಟಿದೆ. ಢಂ ಢಂ ಆಗದೆ ಗಂಟು ಬಿಚ್ಚೋ ಹಾಗಿಲ್ಲ!"

ಕೇಳಿದಿರಾ ಮಕ್ಕಳೇ? ಗಂಟು ಬಿಚ್ಚದೆ ಮುದ್ರೆ ಇಲ್ಲ. ಮುದ್ರೆ ಇಲ್ಲದೆ ಹುರುಳಿ ಇಲ್ಲ. ಹುರುಳಿ ಇಲ್ಲದೆ ಸೌದೆ ಇಲ್ಲ. ಸೌದೆ ಇಲ್ಲದೆ ಕೊಬ್ಬರಿ ಇಲ್ಲ. ಕೊಬ್ಬರಿ ಇಲ್ಲದೆ ಬುತ್ತಿ ಇಲ್ಲ. ಬುತ್ತಿ ಇಲ್ಲದೆ ಢಂ ಢಂ ಇಲ್ಲ. ಢಂ ಢಂ ಇಲ್ಲದೆ ಗಂಟು ಬಿಚ್ಚುವ ಹಾಗಿಲ್ಲ!

ಮುನ್ನೂರು ಸಿಪಾಯಿಗಳೂ ಬಾಯಿ ಬಿಟ್ಟುಕೊಂಡು ನಿಂತರು. ಹೊಟ್ಟೆಗಳು ಮತ್ತೆ ಗುರ್ ಅಂದವು.

ಬೊಮ್ಮಣ್ಣ ದಳವಾಯಿಯ ಬುತ್ತಿಯನ್ನೇ ನೋಡಿದ. ಬೆರಳಿನಿಂದ ಮೆಲ್ಲಗೆ ಒತ್ತಿದ. ಮೆತ್ತಗೆ, ಮೆತ್ತಗೆ, ಮೆತ್ತಗೆ... ಗಟ್ಟಿ!

"ಬುದ್ಧೀ! ಉಂಗುರ ಇಲ್ಲೇ ಇದೆ! ಗಂಟು ಬಿಚ್ಚಬೇಡಿ. ಬುತ್ತಿ ಸಮೇತ ಒತ್ತಿಬಿಡಿ!"

ದಳವಾಯಿ ಉಂಗುರವನ್ನು ಬಟ್ಟೆಯ ಮೇಲಿನಿಂದಲೇ ಬಿಗಿಯಾಗಿ ಹಿಡಿದ. ಬುತ್ತಿಯನ್ನೆತ್ತಿದ. ಹಸಿಮಣ್ಣಿನ ಮೇಲೆ ಒತ್ತಿದ. ಪಚಕ್!

ಆನೆ ಮೂಡಿತು! ಸೊಂಡಿಲೂ ಮೂಡಿತು, ಬಾಲವೂ ಮೂಡಿತು. ಗಂಟು ಗಂಟಾಗಿಯೇ ಇತ್ತು.

"ಅಯ್ಯಯ್ಯಪ್ಪಾ!" ಅಂದರು ಎಲ್ಲರೂ. ಈ ಸಲ ನಗುನಗುತ್ತಾ ಅಂದರು.

ಬೊಮ್ಮಣ್ಣ ಓಡಿದ, ಓಡಿದ, ಓಡಿದ. ಮುದ್ರೆ ಈರಯ್ಯನಿಗೆ ಬಂತು. ಈರಯ್ಯ ಹುರುಳಿ ಕೊಟ್ಟ. ಹುರುಳಿ ಹೇಸರಗತ್ತೆಗೆ ಬಂತು. ಹೇಸರಗತ್ತೆ ಸೌದೆ ಹೊತ್ತಿತು. ಸೌದೆ ಚೌಡವ್ವನಿಗೆ ಬಂತು. ಚೌಡವ್ವ ಕೊಬ್ಬರಿ ಕೊಟ್ಟಳು. ಕೊಬ್ಬರಿ ಇಲಿಗೆ ಬಂತು. ಇಲಿ ಬುತ್ತಿ ಕೊಟ್ಟಿತು.

ಬೊಮ್ಮಣ್ಣ ಬುತ್ತಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡ. ನಂಜಣ್ಣ ಎಣಿಸಿದ. ಇನ್ನೂರ ತೊಂಬತ್ತೊಂಬತ್ತು... ಮುನ್ನೂರು!

ಢಂ ಢಂ! ಢಂ ಢಂ!

ಮುನ್ನೂರು ಗಂಟು ಬಿಚ್ಚಿದವು. ಮುನ್ನೂರು ಜನ ಹುರಿಹಿಟ್ಟು ಕಲಸಿದರು. ಮುನ್ನೂರು ಬಾಯಿ ಆ ಅಂದವು. ಹಸಿದ ದಳವಾಯಿ ಎಲ್ಲರಿಗಿಂತ ದೊಡ್ಡ ತುತ್ತು ಬಾಯಿಗೆ ಹಾಕಿಕೊಂಡ.

ಕಟುಂ!

"ಅಯ್ಯಯ್ಯಪ್ಪಾ! ನನ್ನ ಹಲ್ಲು!"

ಏನು ಕಡಿದ ಹೇಳಿ? ಹ್ಞಾಂ, ಅದೇ. ಉಂಗುರ! ಅವತ್ತಿನಿಂದ ಅವನು ಉಂಗುರವನ್ನು ಬೆರಳಲ್ಲೇ ಇಟ್ಟುಕೊಂಡ.

ಬಂಡೆ ಕೆಳಗಿನಿಂದಲೂ ಸದ್ದು ಬಂತು. ಕಟುಂ ಕುಟುಂ, ಕಟುಂ ಕುಟುಂ. ಇಲಿಮರಿಗಳು ಕೊಬ್ಬರಿ ತಿನ್ನುತ್ತಿದ್ದವು. ಆ ಮಧ್ಯಾಹ್ನ ಕೋಟೆಯಲ್ಲಿ ಹಸಿದವರು ಒಬ್ಬರೂ ಉಳಿಯಲಿಲ್ಲ.

ನಮ್ಮನೆಯಲ್ಲೂ ತಟ್ಟೆ ಹಾಕಿದ ಸದ್ದು ಕೇಳ್ತಿದೆ. ಏಳಿ, ಕೈ ತೊಳೆಯಿರಿ. ಎಲ್ಲರೂ ಬಂದರಾ? ಎಣಿಸಿ ನೋಡಿ. ಢಂ ಢಂ!