ಗೋಲಿನ ಜಾಗದಲ್ಲಿ ಸಾಹೇಬರ ಕಾರು

ಸಕ್ಕರೆ ಕಾರ್ಖಾನೆಯ ಫಿಟ್ಟರ್ ಫಕೀರಪ್ಪನೇ ಅಲ್ಲಿನ ಫುಟ್‌ಬಾಲ್ ತಂಡಕ್ಕೂ ಕೋಚ್. ಫೈನಲ್‌ನಲ್ಲಿ ಎದುರಾಗಿದ್ದು ಪಕ್ಕದ ಊರಿನ ತಂಡ. ಮೈದಾನದ ಅಂಚಿನಲ್ಲಿ ಓಡಿ ಗೋಲಿನ ಮುಂದಕ್ಕೆ ಚೆಂಡು ಹಾರಿಸುವ ಒಬ್ಬ ಆಟಗಾರನೇ ಅವರ ಬಲ. ಅವನು ಫಕೀರಪ್ಪನ ಹೆಂಡತಿಯ ತಮ್ಮ. ಮ್ಯಾನೇಜರ್ ಹಂಚಿನಮನಿಯವರಿಗೆ ಅನುಮಾನ ಹುಟ್ಟಲು ಅಷ್ಟು ಸಾಕಾಯಿತು.

ಅಭ್ಯಾಸ ನೋಡಲು ಬಂದ ಅವರು ಕಣ್ಣು ಕಿರಿದು ಮಾಡಿದರು. "ಅಂಚಿನಾಗ ಬರಾಂವನ ಮ್ಯಾಲೆ ಒಬ್ಬನ್ನ ಕಳಸ್ತಿ. ಉಳಿದ ಮೂರು ಮಂದಿ ಗೋಲಿನ ಮುಂದ ಸುಮ್ನ ನಿಂತಿರ್ತಾರ. ಹೆಂಡ್ತಿ ತಮ್ಮಗ ದಾರಿ ಬಿಡಾಕತ್ತಿ, ಹೌದಲ್ಲೋ?"

"ಇಲ್ರೀ ಸಾಹೇಬ್ರ, ಚೆಂಡು ಬಂದು ಬೀಳೂದು ನಡುವ..."

"ನನಗ ಕಲಸಬ್ಯಾಡ! ನಾಲ್ಕೂ ಮಂದಿ ಅವನ ಮ್ಯಾಲೆ ಬೀಳಬೇಕು. ಇಲ್ಲಾಂದ್ರ ನಾಳೆ ಬ್ಯಾರೆ ಕೋಚ್ ಬರ್ತಾನ."

ಫಕೀರಪ್ಪ ವಾದಕ್ಕೆ ಇಳಿಯಲಿಲ್ಲ. "ಆಗ್ಲಿರಿ. ಗೋಲ್ ಕಂಬಕ್ಕ ಈಗಷ್ಟ ಬಣ್ಣ ಹಚ್ಚೇವಿ. ನಿಮ್ಮ ಕಾರನ್ನ ಗೋಲ್ ಅಂತ ಇಟ್ಕೊಳ್ಳೋಣೇನ್ರಿ? ನಾಲ್ಕೂ ಮಂದಿ ಹಿಡದ ಮ್ಯಾಲೆ ಚೆಂಡು ಅಲ್ಲಿಗೆ ಬರೂದಿಲ್ಲಲ್ರಿ."

ಮ್ಯಾನೇಜರು ಅವನ ಮುಖ ದಿಟ್ಟಿಸಿದರು. ಒಲ್ಲೆ ಎಂದರೆ ತಮ್ಮ ಮಾತನ್ನು ತಾವೇ ನಂಬದಂತಾಗುತ್ತಿತ್ತು. ಹೊಸ ಕಾರು ಗೋಲಿನ ಜಾಗಕ್ಕೆ ಬಂತು.

ಎದುರಾಳಿಯಂತೆ ಆಡುತ್ತಿದ್ದ ಹುಡುಗನೊಬ್ಬ ಅಂಚಿನಲ್ಲಿ ಚೆಂಡು ಹಿಡಿದು ಓಡಿದ. ನಾಲ್ವರೂ ಅವನತ್ತ ನುಗ್ಗಿದರು. ಚೆಂಡು ಅವರ ತಲೆ ಮೇಲಿಂದ ಹಾರಿ ನಡುವೆ ಬಿತ್ತು. ಅಲ್ಲಿ ತಡೆಯುವವರೇ ಇರಲಿಲ್ಲ. ಅಲ್ಲಿ ಎದುರಾಳಿಯಾಗಿ ನಿಂತಿದ್ದ ಇನ್ನೊಬ್ಬ ಒದ್ದ. ಕಾರಿನ ಬಾನೆಟ್ ಢಬ್ ಎಂದಿತು.

ಮತ್ತೊಮ್ಮೆ ಅಂಚಿನ ಹುಡುಗ ಚೆಂಡು ಹಿಡಿದು ಓಡತೊಡಗಿದ್ದೇ ತಡ, ಮ್ಯಾನೇಜರು ಕಾರಿಗೆ ಅಡ್ಡ ನಿಂತು ಅರಚಿದರು: "ಒಬ್ಬಾಂವ ಹೋದ್ರ ಸಾಕ್ರೋ! ಉಳಿದವ್ರು ಇಲ್ಲಿ ಬಂದು ನಿಂದರ್ರಿ!"

ಫಕೀರಪ್ಪ ಹುಡುಗರ ಕಡೆ ತಿರುಗಿದ. "ಕೇಳಿದ್ರಿಲ್ಲೋ? ಫೈನಲ್‌ನ್ಯಾಗೂ ಸಾಹೇಬ್ರು ಹೇಳಿದಂಗ ಆಡ್ರಿ."