ಮೀನುಹೊಂಡದ ಬ್ಯಾಟರಿ

"ಅಜ್ಜಾರೇ, ನನ್ನ ಹೆಂಡತಿ ನನಗೆ ಸುಳ್ಳು ಹೇಳಿದಳೇ?" ಎಂದು ಶಿಷ್ಯ ಗೂಳಪ್ಪ ಕೇಳಿದ. "ಆರಾಮ ಇದ್ದೀಯಾ ಅಂತ ದಿನಾ ಕೇಳುತ್ತಿದ್ದೆ. ಆರಾಮ ಇದ್ದೇನೆ ಅನ್ನುತ್ತಿದ್ದಳು. ಒಂದು ದಿನ ಹೋಗಿಬಿಟ್ಟಳು. ಎದೆಯ ಬೇನೆ ಬಹಳ ಹಳೆಯದು ಅಂದರು ಡಾಕ್ಟರು."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತ ಹೊಂಡದಲ್ಲಿ ಮೀನು ಸಾಕಿದ್ದ. ವರ್ಷದ ದುಡಿಮೆಯೆಲ್ಲ ಅದರಲ್ಲೇ ಇತ್ತು. ನಸುಕಿನಲ್ಲಿ ಮೀನಿಗೆ ಉಸಿರು ಸಾಲುವುದಿಲ್ಲ. ನೀರಿಗೆ ಗಾಳಿ ಊದುವ ಪಂಪು ಬೇಕು. ಅದಕ್ಕೆಂದು ಸೋಲಾರ್ ಹಾಕಿಸಿದ್ದ. ಹಗಲು ಬಿಸಿಲು ಬ್ಯಾಟರಿ ತುಂಬುತ್ತಿತ್ತು. ನಸುಕಿನಲ್ಲಿ ಬ್ಯಾಟರಿ ಪಂಪು ಓಡಿಸುತ್ತಿತ್ತು.

ರೈತ ಬ್ಯಾಟರಿಯನ್ನು ಅಕ್ಕರೆಯಿಂದಲೇ ನೋಡಿಕೊಂಡ. ಅಮಾವಾಸ್ಯೆಗೆ ಒರೆಸಿ ಕುಂಕುಮ ಇಡುತ್ತಿದ್ದ. ದಿನಾ ಮಧ್ಯಾಹ್ನ ಊಟ ಮುಗಿಸಿ, ಮೀಟರ್ ಹಚ್ಚಿ ನೋಡುತ್ತಿದ್ದ. ಮುಳ್ಳು ಮೇಲೆಯೇ ಇರುತ್ತಿತ್ತು. ಮುಚ್ಚಳ ಬಿಚ್ಚಿ ಒಳಗಿನ ನೀರು ನೋಡಬೇಕು ಅಂತ ಅವನಿಗೆ ಅನ್ನಿಸಲಿಲ್ಲ. ಮುಳ್ಳು ಸರಿ ಇದೆಯಲ್ಲ.

ಒಂದು ಬೆಳಗ್ಗೆ ಪಂಪು ನಿಂತಿತ್ತು. ಮೀನುಗಳೆಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ರೈತ ಬ್ಯಾಟರಿ ಮಾರಿದವನನ್ನು ಕರೆಸಿದ. ಅವನು ಬಂದು ಇಳಿಯುವಾಗ ಬಿಸಿಲು ಏರಿತ್ತು.

"ನಿನ್ನೆ ಮಧ್ಯಾಹ್ನ ಮುಳ್ಳು ತುದಿಯಲ್ಲಿತ್ತು. ನಿನ್ನ ಮೀಟರೂ ನಿನ್ನ ಹಾಗೇ ಸುಳ್ಳುಬುರುಕ!"

"ಮೀಟರಿಗೆ ಯಾಕೆ ಬೈತೀಯಪ್ಪ? ಬಿಸಿಲು ಬೀಳುವಾಗ ನೋಡಿದರೆ, ಸಾಯೋ ಬ್ಯಾಟರಿನೂ ತುಂಬಿದ ಹಾಗೇ ಕಾಣುತ್ತದೆ. ಬಿಸಿಲು ಮರೆಮಾಡಿ, ಪಂಪಿನ ಹೊರೆ ಹೊರಿಸಿ ನೋಡಬೇಕು. ಒಂದು ಕಂಬಳಿ ತಾ."

ಮಾರಿದವನು ಸೋಲಾರ್ ಪ್ಯಾನೆಲ್ ಮೇಲೆ ಕಂಬಳಿ ಹೊದಿಸಿದ. ಪಂಪು ಹಚ್ಚಿದ. ನೋಡನೋಡುತ್ತಲೇ ಮುಳ್ಳು ಕೆಳಗೆ ಬಿತ್ತು. ಮುಚ್ಚಳಗಳನ್ನು ಬಿಚ್ಚಿದ. ಒಂದು ಸೆಲ್ಲಿನಲ್ಲಿ ನೀರು ಬತ್ತಿ, ಸೀಸದ ಪ್ಲೇಟುಗಳು ಬೆಳ್ಳಗೆ ಬಿಳಿಚಿಕೊಂಡಿದ್ದವು.

"ಈಗ ಬ್ಯಾಟರಿ ನೀರು ಹಾಕೋಣವಾ?" ಎಂದ ರೈತ. ದನಿ ಇಳಿದಿತ್ತು.

"ಬತ್ತಿ ಬಹಳ ದಿನ ಆಗಿದೆ. ಈಗ ಹಾಕಿದರೂ ಕುಡಿಯುವುದಿಲ್ಲ."

ಗುರುಗಳು ಕತೆಯನ್ನು ಅಲ್ಲಿಗೇ ಬಿಟ್ಟರು.

"ಹಾಗಾದರೆ ಅವಳು ಸುಳ್ಳು ಹೇಳಲಿಲ್ಲ," ಎಂದ ಗೂಳಪ್ಪ.

"ನೀನು ಕೇಳುವಾಗ ಅವಳ ತಲೆಯ ಮೇಲೆ ತುಂಬಿದ ಕೊಡ ಇರುತ್ತಿತ್ತೇ, ಗೂಳಪ್ಪ?"