ತಲೆಕೆಳಗಾಗಿ ನಿಂತ ಸೈಕಲ್ಲು

"ಗುರುಗಳೇ, ನನ್ನ ಕೋಪವನ್ನು ತಿದ್ದಿ ತಿದ್ದಿ ಸಾಕಾಗಿದೆ. ಬೆಳಿಗ್ಗೆ ನೇರ ಮಾಡಿಟ್ಟರೆ ಸಂಜೆಯ ಹೊತ್ತಿಗೆ ಸೊಟ್ಟಗಾಗಿರುತ್ತದೆ. ಈ ತಿದ್ದುವ ಕೆಲಸ ಮುಗಿಯುವುದು ಯಾವಾಗ? ನಾನು ಸುಖವಾಗಿರುವುದು ಯಾವಾಗ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಈ ಸೀಮೆಯಲ್ಲಿ ಮೊಟ್ಟಮೊದಲು ಸೈಕಲ್ಲು ಕಟ್ಟಿದವನು ನಾನು. ಅಲ್ಲಿಯವರೆಗೆ ಇಲ್ಲಿಯ ಜನ ಚಕ್ರ ಇರುವುದು ಎತ್ತಿನ ಹಿಂದೆ ಮಾತ್ರ ಎಂದು ತಿಳಿದಿದ್ದರು. ನನ್ನ ಸೈಕಲ್ಲನ್ನು ನೋಡಲು ಸುತ್ತಲಿನ ತಾಲ್ಲೂಕುಗಳಿಂದ ಜನ ಬುತ್ತಿ ಕಟ್ಟಿಕೊಂಡು ಬಂದಿದ್ದರು.

ಕೈ ಮುಗಿಯಬೇಡ, ಇಳಿಸು. ಸುಳ್ಳು. ನಾನು ಕಟ್ಟಿದ್ದು ಒಂದೇ ಸೈಕಲ್ಲು. ಅದು ಬಲಕ್ಕೆ ಮಾತ್ರ ತಿರುಗುತ್ತಿತ್ತು. ಎಡಗಡೆಯ ಊರುಗಳಿಗೆಲ್ಲ ನಾನು ನಡೆದೇ ಹೋದೆ. ಇದನ್ನೂ ಪೂರ್ತಿ ನಂಬಬೇಡ. ಆದರೆ ನಿಜವಾಗಿ ಕಟ್ಟಿದವನೊಬ್ಬನ ಕತೆ ನನಗೆ ಗೊತ್ತು. ಅದು ನಡೆದದ್ದೇ. ನಡೆದಿರದಿದ್ದರೂ ನಾನು ಹೇಳಿ ಹೇಳಿ ಈಗ ನಡೆದಂತೆಯೇ ಆಗಿದೆ.

ಒಬ್ಬ ನೇಕಾರನಿದ್ದ. ಹಿಂದೆ ಇದೇ ಕತೆ ಹೇಳುವಾಗ ಅವನನ್ನು ಕುಂಬಾರ ಎಂದದ್ದೂ ಉಂಟು. ಇವತ್ತು ನೇಕಾರನೇ ಇರಲಿ. ಅವನಿಗೆ ಒಂದು ಸೈಕಲ್ಲು ಬೇಕಾಯಿತು. ಅಂಗಡಿಯಲ್ಲಿ ಹೊಸದು ಸಿಗುತ್ತಿತ್ತು. ಅವನು ಅಂಗಡಿಗೆ ಹೋಗದೆ ಗುಜರಿಗೆ ಹೋದ. ಒಂದು ಸೈಕಲ್ಲಿನ ಫ್ರೇಮು, ಇನ್ನೊಂದರ ಹ್ಯಾಂಡಲ್ಲು, ಮತ್ತೊಂದರ ಪೆಡಲ್ಲು. ಮುಂದಿನ ಚಕ್ರ ಒಂದು ಮನೆಯದು, ಹಿಂದಿನ ಚಕ್ರ ಇನ್ನೊಂದು ಮನೆಯದು. ತಂದು ಅಂಗಳದಲ್ಲಿ ಹರಡಿಕೊಂಡು ಕೂತ. ಚಕ್ರ ಫ್ರೇಮಿಗೆ ಒಗ್ಗಲಿಲ್ಲ. ಚೈನು ಹಲ್ಲಿಗೆ ಒಗ್ಗಲಿಲ್ಲ. ಅವನಿಗೆ ಮದುವೆ ಮಾಡಿಸುವವರ ತಾಳ್ಮೆ ಇತ್ತು. ಒಂದನ್ನು ಇನ್ನೊಂದಕ್ಕೆ ತೋರಿಸಿ, ಸ್ವಲ್ಪ ತಿಕ್ಕಿ, ಸ್ವಲ್ಪ ಬಗ್ಗಿಸಿ, ಸ್ವಲ್ಪ ಪುಸಲಾಯಿಸಿ, ಎಲ್ಲವನ್ನೂ ಒಪ್ಪಿಸಿದ.

ಮೊದಲ ದಿನ ಹತ್ತಿದಾಗ ಸೈಕಲ್ಲು ಓಡಿತು. ಬೇರೆಯವನಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದ. ಇವನು ಮನೆಗೆ ಬಂದವನೇ ಅದನ್ನು ಎತ್ತಿ ಮಗುಚಿ, ಸೀಟನ್ನೂ ಹ್ಯಾಂಡಲ್ಲನ್ನೂ ನೆಲಕ್ಕೆ ಊರಿ ನಿಲ್ಲಿಸಿ, ಎಲ್ಲಿಂದಲೋ 'ಟಿಕ್' ಎಂದಿತಲ್ಲ ಎಂದು ಹುಡುಕುತ್ತಾ ಕೂತ. ಸಿಕ್ಕಿತು. ಸರಿಮಾಡಿದ. ಮರುದಿನ ಬೇರೆ ಕಡೆ 'ಟಿಕ್' ಎಂದಿತು. ಅವನ ಮುಖ ಅರಳಿತು.

ಹೆಂಡತಿಗೆ ತಲೆ ಕೆಟ್ಟಿತು. "ರೀ, ನಮ್ಮನೆ ಸೈಕಲ್ಲು ಓಡಿದ್ದಕ್ಕಿಂತ ಶೀರ್ಷಾಸನ ಹಾಕಿದ್ದೇ ಹೆಚ್ಚು. ಅದಕ್ಕೆ ಮೋಕ್ಷ ಸಿಗುತ್ತೋ ಏನೋ, ನನಗಂತೂ ಸಂತೆ ಸಾಮಾನು ಸಿಗಲ್ಲ."

"ಇದೊಂದು ನಟ್ಟು ಬಿಗಿದು ಹೊರಟೆ ಕಣೇ," ಎನ್ನುತ್ತಿದ್ದ. ಆ ನಟ್ಟಿನ ಹಿಂದೆ ಇನ್ನೊಂದು ನಟ್ಟು ಇರುತ್ತಿತ್ತು.

ಒಂದು ಸಂತೆಯಲ್ಲಿ ಆ ಸೈಕಲ್ಲು ಕಳವಾಯಿತು. ಬೀಗ ಹಾಕಿರಲಿಲ್ಲವೇ ಎನ್ನುತ್ತೀಯಾ? ಹಾಕಿದ್ದ. ಬೀಗವನ್ನೂ ಅವನೇ ಮಾಡಿದ್ದ.

ನೇಕಾರ ಮಗ್ಗದ ಮುಂದೆ ಕೂತ. ಕೈ ನೇಯುತ್ತಿತ್ತು, ಕಣ್ಣು ಖಾಲಿ ಅಂಗಳದಲ್ಲಿತ್ತು. ಊಟ ಸೇರಲಿಲ್ಲ. ಕಡೆಗೆ ಹೆಂಡತಿಯೇ ಹೇಳಿದಳು, "ಹೀಗೆ ಕೂರಬೇಡಿ. ಗುಜರಿಗೆ ಹೋಗಿ, ಇನ್ನೊಂದು ಕಟ್ಟಿಕೊಳ್ಳಿ."

"ಕಟ್ಟಬಹುದು," ಎಂದ ನೇಕಾರ. "ಆದರೆ ಅದರ ಹಿಂದಿನ ಚಕ್ರದಲ್ಲಿ ಒಂದು ಬೆಂಡ್ ಇತ್ತು. ಅದನ್ನು ತೆಗೆಯುತ್ತಿದ್ದೆ. ಅರ್ಧಕ್ಕೇ ಹೋಯಿತಲ್ಲ." ಮರುದಿನದಿಂದ ಸಂತೆಯಿಂದ ಸಂತೆಗೆ ನಡೆದು ಹುಡುಕತೊಡಗಿದ.

ತನ್ನನ್ನು ಯಾರೂ ಅರಿಯದ ಒಂದು ಊರಿನ ಸಂತೆಯಲ್ಲಿ ಅದು ಸಿಕ್ಕಿತು. ಒಬ್ಬ ಪಾತ್ರೆ ವ್ಯಾಪಾರಿ ಅದಕ್ಕೆ ಕೊಳಗ, ತಂಬಿಗೆಗಳನ್ನು ನೇತುಹಾಕಿಕೊಂಡು ನಿಂತಿದ್ದ. ಅವನೇ ಕದ್ದವನೋ, ಕದ್ದವನಿಂದ ಕೊಂಡವನೋ, ನಾನು ನೋಡಿಲ್ಲ. ಕತೆಗೆ ಅನುಕೂಲವಾಗಲಿ, ಅವನೇ ಕದ್ದ ಎಂದಿಟ್ಟುಕೋ. ನೀಲಿ ಬಣ್ಣ ಬಳಿಸಿದ್ದ. ಆದರೂ ನೇಕಾರ ದೂರದಿಂದಲೇ ಗುರುತಿಸಿದ.

"ಇದು ನನ್ನ ಸೈಕಲ್ಲು."

"ನಿನ್ನದಾದರೆ ಬಿಲ್ಲು ತೋರಿಸು," ಎಂದ ವ್ಯಾಪಾರಿ.

"ನಾನೇ ಕಟ್ಟಿದ ಸೈಕಲ್ಲಿಗೆ ಎಲ್ಲಿಯ ಬಿಲ್ಲಯ್ಯಾ?"

"ಹಾಗಾದರೆ ನಾನೂ ಕಟ್ಟಿದ್ದೇ!"

"ಸೀಟಿನ ಕೆಳಗೆ ತಂತಿ ಸುತ್ತಿದ್ದೇನೆ, ಬಗ್ಗಿ ನೋಡು."

"ನೋಡುವುದೇನು? ಸುತ್ತಿದವನು ನಾನೇ!"

ಜನ ಸೇರಿದರು. ಜಗಳ ಆ ಊರ ಗೌಡನ ಮುಂದೆ ಹೋಯಿತು. ಗೌಡ ಇಬ್ಬರ ಮಾತನ್ನೂ ಕೇಳಿದ. ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು. ಗೌಡ ತಲೆ ಕೆರೆದುಕೊಂಡು, "ಇದನ್ನು ಪೂರ್ತಿ ಬಿಚ್ಚಿ ಹಾಕಿ," ಎಂದ. "ಒಬ್ಬರಾದ ಮೇಲೆ ಒಬ್ಬರು ಕಟ್ಟಿ. ಊದುಬತ್ತಿ ಹಚ್ಚಿಡುತ್ತೇನೆ. ಕಟ್ಟಿದವನ ಕೈಗೆ ದಾರಿ ಗೊತ್ತಿರುತ್ತದೆ. ಯಾರು ಬೇಗ ಮುಗಿಸುತ್ತೀರೋ ಸೈಕಲ್ಲು ಅವರದು."

ವ್ಯಾಪಾರಿ ಕೂಡಲೇ ಒಪ್ಪಿದ. ಪಾತ್ರೆ ಮಾರುವ ಮೊದಲು ಅವನು ಸೈಕಲ್ ಶಾಪಿನಲ್ಲಿ ಕೆಲಸ ಮಾಡಿದ್ದ. ತೋಳು ಮಡಿಸಿ ಕೂತ. ಫ್ರೇಮು ನಿಂತಿತು, ಚಕ್ರ ಸೇರಿತು, ಚೈನು ಏರಿತು. ಹತ್ತಿ ಗೌಡನ ಸುತ್ತ ಒಂದು ಸುತ್ತು ಹೊಡೆದು ಇಳಿದ. ಊದುಬತ್ತಿ ಅರ್ಧ ಉರಿದಿತ್ತು. ಜನ ಚಪ್ಪಾಳೆ ತಟ್ಟಿದರು. ಗೌಡ ಸೈಕಲ್ಲನ್ನು ಮತ್ತೆ ಬಿಚ್ಚಿ ಹಾಕಿಸಿ, ಅಷ್ಟೇ ಉದ್ದದ ಇನ್ನೊಂದು ಊದುಬತ್ತಿ ಹಚ್ಚಿದ.

ನೇಕಾರ ಕೂತ. ಅವನ ಕೈ ಓಡಿದ್ದನ್ನು ನೋಡಿದವರು ತೆರೆದ ಬಾಯಿ ಮುಚ್ಚಲಿಲ್ಲ. ಒಂದೊಂದು ನಟ್ಟೂ ಕರೆದಂತೆ ಬಂದು ಬೆರಳಿಗೆ ಸಿಗುತ್ತಿತ್ತು. ಊದುಬತ್ತಿ ಕಾಲುಭಾಗ ಉರಿಯುವುದರೊಳಗೆ ಹಿಂದಿನ ಚಕ್ರ ಒಂದು ಬಿಟ್ಟು ಎಲ್ಲವೂ ಸೇರಿತ್ತು. ಅದನ್ನೂ ಕೂರಿಸಿದ. ಇನ್ನೆರಡು ನಟ್ಟು ಬಿಗಿದರೆ ಸೈಕಲ್ಲು ಅವನದು. ಬಿಗಿಯುವ ಮುಂಚೆ ಅಭ್ಯಾಸಬಲದಿಂದ ಚಕ್ರವನ್ನು ಒಮ್ಮೆ ತಿರುಗಿಸಿದ.

ಚಕ್ರ ಓಲಾಡಿತು.

ನೇಕಾರ ಸ್ಪ್ಯಾನರನ್ನು ಕೆಳಗಿಟ್ಟ. ಸೊಂಟದಿಂದ ಕಡ್ಡಿ ಬಿಗಿಯುವ ಪುಟ್ಟ ಕೀಲಿ ತೆಗೆದ. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನೋಡಿದ, ಮಗ್ಗದ ನೂಲಿನ ಬಿಗುವು ನೋಡುವಂತೆ. ಒಂದನ್ನು ಬಿಗಿದ. ಎದುರಿನದನ್ನು ಸಡಿಲಿಸಿದ. ತಿರುಗಿಸಿದ. ತಲೆಯಾಡಿಸಿದ. ಮತ್ತೆ ಬಿಗಿದ.

"ಏ ಅಣ್ಣಾ, ನಟ್ಟು ಬಿಗಿ! ಗೆದ್ದೆ!" ಎಂದು ಜನ ಕೂಗಿದರು.

ಗೌಡನೇ ತಾಳಲಾರದೆ ಬಗ್ಗಿ ಹೇಳಿದ, "ಅಪ್ಪಾ, ಬತ್ತಿ ಉರಿಯುತ್ತಿದೆ. ಮೊದಲು ಗೆಲ್ಲು. ಮನೆಗೆ ಹೋಗಿ ಆಮೇಲೆ ತಿದ್ದಿಕೋ."

ನೇಕಾರ ತಲೆಯೆತ್ತಲಿಲ್ಲ. "ಇಷ್ಟು ದಿನ ನಾನು ಹುಡುಕುತ್ತಿದ್ದದ್ದು ಇದೇ ಬೆಂಡನ್ನು ಗೌಡರೇ," ಎಂದ. "ಈಗ ಕೈಗೆ ಸಿಕ್ಕಿದೆ. ಸ್ವಲ್ಪ ತಡೀರಿ."

ಊದುಬತ್ತಿ ಅರ್ಧ ದಾಟಿತು. ವ್ಯಾಪಾರಿ ಎದ್ದು ಕುಣಿದ. "ಸೋತ! ಎಲ್ಲರೂ ನೋಡಿದಿರಲ್ಲ! ತೆಗೆಯಯ್ಯಾ ಕೈಯನ್ನು, ನನ್ನ ಸೈಕಲ್ಲು!"

"ತಡಿ," ಎಂದ ಗೌಡ. "ಈ ಚಕ್ರ ಓಲಾಡುವುದು ನಿನಗೆ ಗೊತ್ತಿತ್ತೇ?"

"ಗೊತ್ತಿಲ್ಲದೆ ಏನು? ಬ್ರೇಕಿಗೆ ಉಜ್ಜಿ ಸರಕ್ ಸರಕ್ ಎನ್ನುತ್ತಿತ್ತು. ಊರೂರಿನಲ್ಲೂ ಜನ ನಗುತ್ತಿದ್ದರು."

"ಅದಕ್ಕೆ ನೀನು ಏನು ಮಾಡಿದೆ?"

"ದೊಡ್ಡದೊಂದು ಬೆಲ್ಲು ಹಾಕಿಸಿದೆ," ಎಂದ ವ್ಯಾಪಾರಿ.

ಸಂತೆಗೆ ಸಂತೆಯೇ ನಕ್ಕಿತು. ಗೌಡ ಮಾತ್ರ ನಗಲಿಲ್ಲ. "ಸೈಕಲ್ಲು ನೇಕಾರನದು," ಎಂದ.

"ಇದೆಲ್ಲಿಯ ನ್ಯಾಯ? ಮೊದಲು ಕಟ್ಟಿ ಮುಗಿಸಿದವನು ನಾನು!"

"ಹೌದು, ನೀನು ಮುಗಿಸಿದೆ. ಅವನು ಇನ್ನೂ ಕಟ್ಟುತ್ತಿದ್ದಾನೆ. ನಾನು ಹಾಕಿದ ಪಂದ್ಯವೇ ತಪ್ಪು, ನನ್ನ ಊದುಬತ್ತಿ ದಂಡ." ಗೌಡ ನೇಕಾರನ ಕಡೆ ತಿರುಗಿದ. "ಕೇಳಿಸಿತೇನಪ್ಪಾ? ಸೈಕಲ್ಲು ನಿನ್ನದು. ಎದ್ದು ಮನೆಗೆ ಹೊರಡು."

"ಹೂಂ, ಆಗಲಿ," ಎಂದ ನೇಕಾರ. ಅವನಿಗೆ ಪೂರ್ತಿ ಕೇಳಿಸಿರಲಿಲ್ಲ. ಪಕ್ಕದಲ್ಲಿ ಎರಡು ಕಾಲು ಕಂಡವು. ಅವು ವ್ಯಾಪಾರಿಯವು. "ನಿಂತು ನೋಡುತ್ತೀಯೇನು? ಆ ಕಡೆ ಫ್ರೇಮನ್ನು ಗಟ್ಟಿಯಾಗಿ ಹಿಡಿದುಕೋ."

ವ್ಯಾಪಾರಿ ಸುತ್ತ ನೋಡಿದ. ಜನ ಹೊಡೆಯಲು ಬರುತ್ತಾರೇನೋ ಎಂದುಕೊಂಡ. ಯಾರೂ ಬರಲಿಲ್ಲ. ಕುಕ್ಕರಗಾಲಲ್ಲಿ ಕೂತು ಹಿಡಿದುಕೊಂಡ. ಸ್ವಲ್ಪ ಹೊತ್ತಾದ ಮೇಲೆ ಅವನೇ, "ಆ ಕಡ್ಡಿ ಅಲ್ಲ, ಅದರ ಪಕ್ಕದ್ದು ಸಡಿಲ ಇದೆ ನೋಡು," ಎಂದ.

"ಹೌದಲ್ಲ!" ಎಂದ ನೇಕಾರ. "ಕದ್ದವನಾದರೂ ಕಣ್ಣು ಚುರುಕಾಗಿದೆ ಮಾರಾಯ ನಿನ್ನದು."

ಸಂತೆ ಎದ್ದಿತು. ಗೌಡ ಮನೆಗೆ ಹೋದ. ಇಬ್ಬರೂ ಅಲ್ಲಿಯೇ ಕೂತಿದ್ದರು.

ಗುರುಗಳು ನಿಲ್ಲಿಸಿದರು. ಶಿಷ್ಯ ಇನ್ನೂ ಸಂತೆಯಲ್ಲೇ ಇದ್ದ.

"ಕಡೆಗೆ ಚಕ್ರ ನೇರವಾಯಿತೇ ಗುರುಗಳೇ?"

"ಆಯಿತು. ಕನ್ನಡಿಯ ಹಾಗೆ ತಿರುಗಿತು. ಕನ್ನಡಿ ತಿರುಗುವುದಿಲ್ಲ ಎನ್ನುತ್ತೀಯಾ? ಸರಿ, ಚೆನ್ನಾಗಿ ತಿರುಗಿತು. ಮರುದಿನ ಬೆಳಿಗ್ಗೆ ಮುಂದಿನ ಚಕ್ರ ಕೆಟ್ಟಿತು."

"ಅಯ್ಯೋ, ಪಾಪ!" ಎಂದ ಶಿಷ್ಯ.

"ಪಾಪ ಎನ್ನಬೇಡ, ಸೈಕಲ್ಲು ಕೆಡದೇ ಇದ್ದಿದ್ದರೆ ಅವನು ಅದನ್ನು ಎಂದೋ ಮಾರಿಬಿಡುತ್ತಿದ್ದ."

ಶಿಷ್ಯ ಬೆರಳಿನಿಂದ ಗಾಳಿಯಲ್ಲಿ ಒಂದು ಚಕ್ರ ತಿರುಗಿಸಿ ನೋಡಿದ.

ಗುರುಗಳು ಚಹಾದಂಗಡಿಯ ಬೆಂಚಿನಿಂದ ಎದ್ದು ಪಂಚೆ ಕೊಡವಿಕೊಂಡರು. "ಸುಮ್ಮನಾದೆಯಲ್ಲ, ಒಳ್ಳೆಯದಾಯಿತು. ಹಾಗೇ ಸುಮ್ಮನೆ ಎದ್ದು ಹೋಗಿ ನನ್ನ ಚಹಾದ ದುಡ್ಡು ಕೊಟ್ಟು ಬಾ."